ಮೈಸೂರಿನ ಪಾರಂಪರಿಕ ಕಟ್ಟಡಗಳ ಜೀರ್ಣೋದ್ಧಾರ

## ಜೀರ್ಣೋದ್ಧಾರ ಎಂದರೆ

ಕಾಲವಶದಿಂದ ಶಿಥಿಲಗೊಂಡ ನಿರ್ಮಾಣವನ್ನು ಅದರ ಮೂಲ ಸ್ವರೂಪ ಕೆಡದಂತೆ ಮತ್ತೆ ಗಟ್ಟಿಗೊಳಿಸಿ ನಿಲ್ಲಿಸುವ ಕಾರ್ಯವೇ ಜೀರ್ಣೋದ್ಧಾರ. ಕರ್ನಾಟಕದಲ್ಲಿ ಈ ಪದ ಬಹುಕಾಲದಿಂದ ದೇವಾಲಯಗಳಿಗೂ ಕೆರೆಗಳಿಗೂ ಬಳಕೆಯಲ್ಲಿದೆ. ಬಿದ್ದ ಗುಡಿಯನ್ನು ಎತ್ತಿಸಿದವರನ್ನು, ಒಡೆದ ಏರಿಯನ್ನು ಕಟ್ಟಿಸಿದವರನ್ನು ನಮ್ಮ ಶಾಸನಗಳು ಹೊಸದಾಗಿ ಕಟ್ಟಿಸಿದವರಷ್ಟೇ ಗೌರವದಿಂದ ಹೆಸರಿಸುತ್ತವೆ. ಅರಮನೆ, ಮಾರುಕಟ್ಟೆ, ಗಡಿಯಾರ ಗೋಪುರ, ಕಾಲೇಜುಗಳಂಥ ಲೌಕಿಕ ಕಟ್ಟಡಗಳಿಗೂ ಈ ಕಾರ್ಯ ಬೇಕೆಂಬ ಅರಿವು ಮಾತ್ರ ಈಚಿನದು.

ಜೀರ್ಣೋದ್ಧಾರದೊಡನೆ ಬೆರೆಸಿ ಮಾತನಾಡುವ ಬೇರೆ ಮೂರು ಕಾರ್ಯಗಳಿವೆ. ಸೋರುವ ತಾರಸಿಗೆ ತೇಪೆ ಹಾಕುವುದು ದುರಸ್ತಿ. ಕಟ್ಟಡ ಇನ್ನಷ್ಟು ಹಾಳಾಗದಂತೆ ಇದ್ದ ಸ್ಥಿತಿಯಲ್ಲೇ ಕಾಪಾಡುವುದು ಸಂರಕ್ಷಣೆ. ಉಳಿದಿರುವುದನ್ನು ಕೆಡವಿ, ಇಲ್ಲವೇ ನಾಶವಾದದ್ದರ ಜಾಗದಲ್ಲಿ, ಅದೇ ಆಕಾರದಲ್ಲಿ ಹೊಸದನ್ನು ಎಬ್ಬಿಸುವುದು ಪುನರ್ನಿರ್ಮಾಣ. ಜೀರ್ಣೋದ್ಧಾರದಲ್ಲಿ ಕಳೆದುಹೋದ ಭಾಗವನ್ನು ತುಂಬಲಾಗುತ್ತದೆ, ಆದರೆ ಹಳೆಯ ಗೋಡೆ, ಹಳೆಯ ತೊಲೆ, ಹಳೆಯ ಕಮಾನುಗಳು ಸಾಧ್ಯವಾದಷ್ಟು ಇದ್ದಲ್ಲೇ ಉಳಿಯುತ್ತವೆ. ಈ ವ್ಯತ್ಯಾಸ ಮೇಲ್ನೋಟಕ್ಕೆ ಸೂಕ್ಷ್ಮವೆನಿಸಬಹುದು. ಮೈಸೂರಿನಲ್ಲಿ ಕಳೆದ ಒಂದು ದಶಕಕ್ಕೂ ಹೆಚ್ಚು ಕಾಲ ನಡೆದ ವಿವಾದಗಳೆಲ್ಲ ಇದೇ ವ್ಯತ್ಯಾಸದ ಮೇಲೆ ನಿಂತಿವೆ.

## ಅರಸೊತ್ತಿಗೆಯ ಮರುಸ್ಥಾಪನೆ ಮತ್ತು ನಗರ

ಮೈಸೂರಿನ ಚರಿತ್ರೆಯಲ್ಲಿ ಮೊದಲು ಮರುಸ್ಥಾಪನೆಗೊಂಡದ್ದು ಸಿಂಹಾಸನ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಜೂನ್ 30ರಂದು ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು. ಅದರ ಜೊತೆಯಲ್ಲೇ ಕಲ್ಲುಗಳೂ ಹಿಂದಿರುಗಿದವು. ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿ, ಅದರ ಕಲ್ಲುಗಳನ್ನು ಪೂರ್ವಕ್ಕಿರುವ ದಿಬ್ಬಕ್ಕೆ ಸಾಗಿಸಿ ನಜರಬಾದ್ ಎಂಬ ಹೊಸ ಕೋಟೆಯನ್ನು ಕಟ್ಟಲು ಆರಂಭಿಸಲಾಗಿತ್ತು. ಒಡೆಯರ ಆಳ್ವಿಕೆ ಮರಳಿದಾಗ ಅದೇ ಕಲ್ಲುಗಳನ್ನು ಹಳೆಯ ಜಾಗಕ್ಕೆ ತಂದು ಕೋಟೆಯನ್ನು ಮತ್ತೆ ಕಟ್ಟಲಾಯಿತೆಂದು ಬಿ.ಎಲ್. ರೈಸ್ ಅವರ ಗೆಜೆಟಿಯರ್ ದಾಖಲಿಸುತ್ತದೆ. ನಜರಬಾದ್ ಇಂದು ಮೈಸೂರಿನ ಒಂದು ಬಡಾವಣೆ.

ಈ ಮರುಸ್ಥಾಪನೆ ಬಹುಕಾಲ ನಿಲ್ಲಲಿಲ್ಲ. 1831ರಲ್ಲಿ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು, ಕಚೇರಿಗಳು ಬೆಂಗಳೂರಿಗೆ ಹೋದವು. ಐವತ್ತು ವರ್ಷಗಳ ನಂತರ, 1881ರ ಮಾರ್ಚ್ 25ರಂದು, ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ದೊರೆಯಿತು. ರೆಂಡಿಷನ್ ಎಂದೇ ಹೆಸರಾದ ಈ ಘಟನೆ ನಗರದ ರೂಪವನ್ನು ಬದಲಿಸಿತು. ರಂಗಾಚಾರ್ಲು ಸ್ಮಾರಕ ಭವನ 1884ರದು, ಡಫರಿನ್ ಗಡಿಯಾರ, ಅಂದರೆ ಚಿಕ್ಕಗಡಿಯಾರ, 1886ರದು, ಲ್ಯಾನ್ಸ್‌ಡೌನ್ ಕಟ್ಟಡ 1892ರದು. ದೇವರಾಜ ಮಾರುಕಟ್ಟೆಯ ಈಗಿನ ಕಟ್ಟಡವೂ ಚಾಮರಾಜೇಂದ್ರರ ಕಾಲದ್ದೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಗಿ, ವಿಶಾಲ ರಸ್ತೆಗಳೂ ವೃತ್ತಗಳೂ ಬಂದವು. ಅವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಎದ್ದ ದೊಡ್ಡಗಡಿಯಾರದ ಮುಖದ ಮೇಲೆ ಇಂದಿಗೂ ಕನ್ನಡ ಅಂಕಿಗಳಿವೆ. ಪಾರಂಪರಿಕ ಎಂದು ಇಂದು ನಾವು ಕರೆಯುವ ಮೈಸೂರಿನ ಬಹುಪಾಲು ಹೀಗೆ 1881ರ ನಂತರದ ಆರು ದಶಕಗಳಲ್ಲಿ ಎದ್ದದ್ದು. ಈ ಕಟ್ಟಡಗಳಲ್ಲಿ ಹೆಚ್ಚಿನವು ಒಂದೇ ತಲೆಮಾರಿನವು. ಆದ್ದರಿಂದಲೇ ಅವುಗಳಿಗೆ ಮುಪ್ಪೂ ಒಟ್ಟಿಗೇ ಬಂದಿದೆ.

## ಅರಮನೆಯ ಉದಾಹರಣೆ

1897ರ ಫೆಬ್ರವರಿಯಲ್ಲಿ, ಚಾಮರಾಜೇಂದ್ರರ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಮರದ ಹಳೆಯ ಅರಮನೆಗೆ ಬೆಂಕಿ ಬಿದ್ದು ಅದರ ಬಹುಭಾಗ ಸುಟ್ಟುಹೋಯಿತು. ಆಗ ರಾಜ್ಯವನ್ನು ನಡೆಸುತ್ತಿದ್ದವರು ರಾಜಪ್ರತಿನಿಧಿ ವಾಣೀವಿಲಾಸ ಸನ್ನಿಧಾನದವರು. ಹೊಸ ಅರಮನೆಯ ವಿನ್ಯಾಸವನ್ನು ಅವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ವಹಿಸಿದರು. 1912ರಲ್ಲಿ ಮುಗಿದ ಈ ಕಾರ್ಯಕ್ಕೆ ಸುಮಾರು 41 ಲಕ್ಷ ರೂಪಾಯಿ ವೆಚ್ಚವಾಯಿತು. ಸ್ಥೂಲ ವಿನ್ಯಾಸದಲ್ಲಿ ಹಳೆಯ ಅರಮನೆಯ ಕ್ರಮವನ್ನು ಉಳಿಸಿಕೊಂಡರೂ, ಸಾಮಗ್ರಿ ಪೂರ್ತಿ ಬದಲಾಯಿತು. ಮರದ ಜಾಗಕ್ಕೆ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣ ಬಂದವು. ಕಲ್ಯಾಣಮಂಟಪದ ಎರಕದ ಕಂಬಗಳನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ತರಿಸಲಾಯಿತು. ಮತ್ತೊಮ್ಮೆ ಬೆಂಕಿ ಬಿದ್ದರೂ ತಾಳಿಕೊಳ್ಳಬೇಕೆಂಬುದು ಉದ್ದೇಶ.

ಆದ್ದರಿಂದ ಅಂಬಾವಿಲಾಸ ಎಂಬ ಈ ಹೊಸ ಅರಮನೆಯನ್ನು ಜೀರ್ಣೋದ್ಧಾರವೆನ್ನಲು ಬರುವುದಿಲ್ಲ, ಅದು ಪುನರ್ನಿರ್ಮಾಣ. ಹಳೆಯದು ಉಳಿದೇ ಇಲ್ಲದಿದ್ದಾಗ ಪುನರ್ನಿರ್ಮಾಣ ನ್ಯಾಯವಾದ ದಾರಿ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಶಿಖರ 2019ರ ಏಪ್ರಿಲ್‌ನಲ್ಲಿ ಸುಟ್ಟು ಬಿದ್ದಾಗ ಫ್ರಾನ್ಸ್ ಕೂಡ ಶಿಖರದ ಮಟ್ಟಿಗೆ ಹೀಗೆಯೇ ಮಾಡಿತು. ಆದರೆ ಬೆಂಕಿಯಿಂದ ಪಾರಾದ ಕಲ್ಲಿನ ಗೋಡೆಗಳನ್ನು ಕೆಡವದೆ ಜೀರ್ಣೋದ್ಧಾರ ಮಾಡಿತು. ಒಂದೇ ಕಟ್ಟಡದಲ್ಲಿ ಎರಡೂ ಕ್ರಮಗಳು ಹೇಗೆ ಜೊತೆಯಾಗಿ ನಡೆಯಬಲ್ಲವು ಎಂಬುದಕ್ಕೆ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ಆ ಚರ್ಚು ಉತ್ತಮ ನಿದರ್ಶನ.

## ಎಷ್ಟು ಸರಿಪಡಿಸಬೇಕು?

ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಈ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳಿದ್ದವು. ನೋತ್ರ್ ದಾಮ್‌ಗೆ ಆ ಶಿಖರವನ್ನು ಕೊಟ್ಟ ಫ್ರೆಂಚ್ ವಾಸ್ತುಶಿಲ್ಪಿ ವಿಯೋಲೆ ಲ ದ್ಯುಕ್, ಹಳೆಯ ಕಟ್ಟಡವನ್ನು ಅದರ ಪರಿಪೂರ್ಣ ರೂಪಕ್ಕೆ ತರಬೇಕೆಂದರು. ಆ ರೂಪ ಹಿಂದೆ ಎಂದೂ ಇರದಿದ್ದರೂ ಅಡ್ಡಿಯಿಲ್ಲ ಎಂಬುದು ಅವರ ನಿಲುವು. ಇಂಗ್ಲೆಂಡಿನ ಜಾನ್ ರಸ್ಕಿನ್ ಇದನ್ನು ಕಟ್ಟಡದ ನಾಶವೆಂದೇ ಬಗೆದರು. ಸವೆದ ಕಲ್ಲಿನ ಮೇಲೆ ಕಾಲ ಬರೆದದ್ದನ್ನು ಅಳಿಸಲು ಯಾರಿಗೂ ಹಕ್ಕಿಲ್ಲವೆಂಬುದು ಅವರ ವಾದ.

ಇದೇ ಕಾಲದಲ್ಲಿ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದಲ್ಲಿ ಇವೆರಡರ ನಡುವಿನ ದಾರಿಯೊಂದು ಕಾಣಿಸಿತು. 1847ರಿಂದ 1849ರವರೆಗೆ ಸುಲ್ತಾನ್ ಅಬ್ದುಲ್ ಮಜೀದ್ ಅವರ ಆಜ್ಞೆಯಂತೆ ಫೊಸ್ಸಾತಿ ಸಹೋದರರು ಆ ಕಟ್ಟಡವನ್ನು ಸರಿಪಡಿಸಿದರು. ಆಗ ಗಿಲಾವಿನ ಕೆಳಗೆ ಬೈಜಾಂಟಿಯನ್ ಕಾಲದ ಮೊಸಾಯಿಕ್ ಚಿತ್ರಗಳು ಸಿಕ್ಕವು. ಅವರು ಆ ಚಿತ್ರಗಳ ನಕಲನ್ನು ಬರೆದಿಟ್ಟುಕೊಂಡು, ಅವುಗಳನ್ನು ಮತ್ತೆ ಮುಚ್ಚಿದರು. ಎಂಟು ದಶಕಗಳ ಬಳಿಕ, 1931ರಿಂದ, ಆ ಮುಚ್ಚಿಕೆಯನ್ನು ತೆಗೆಯುವ ಕೆಲಸ ಆರಂಭವಾದಾಗ ಹಲವು ಚಿತ್ರಗಳು ಕೆಳಗೆ ಹಾಗೆಯೇ ಇದ್ದವು. ದಾಖಲಿಸುವುದು, ಮುಂದಿನವರು ಬೇಕಾದರೆ ಬಿಚ್ಚಿ ನೋಡುವಂತೆ ಕೆಲಸ ಮಾಡುವುದು, ಇವೆರಡೂ ಅಲ್ಲಿ ಸಾಧ್ಯವಾಗಿದ್ದವು.

1964ರ ವೆನಿಸ್ ಸನ್ನದು ಇಂಥ ಅನುಭವಗಳನ್ನು ತತ್ತ್ವಗಳಾಗಿ ಬರೆಯಿತು. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಹೊಸದಾಗಿ ಸೇರಿಸಿದ ಭಾಗ ಹಳೆಯದರೊಂದಿಗೆ ಹೊಂದಿಕೊಳ್ಳಬೇಕು, ಆದರೆ ಹತ್ತಿರದಿಂದ ನೋಡಿದಾಗ ಹೊಸದೆಂದು ತಿಳಿಯಬೇಕು. ಪರಂಪರೆಯ ಸಂರಕ್ಷಣೆಗಾಗಿ ಭಾರತದಲ್ಲಿ 1984ರಲ್ಲಿ ಸ್ಥಾಪನೆಯಾದ ಇಂಟಾಕ್ ಸಂಸ್ಥೆ 2004ರಲ್ಲಿ ತನ್ನದೇ ಸನ್ನದನ್ನು ಹೊರತಂದಿತು. ಸಾಂಪ್ರದಾಯಿಕ ಕುಶಲಕರ್ಮಿಗಳ ಜ್ಞಾನವೂ ಪರಂಪರೆಯ ಭಾಗವೇ ಎಂಬುದಕ್ಕೆ ಅದು ವಿಶೇಷ ಒತ್ತು ಕೊಟ್ಟಿತು. ಗಾರೆ ಕೆಲಸದವರಿಲ್ಲದೆ ಗಾರೆಯ ಗೋಡೆ ಉಳಿಯುವುದಿಲ್ಲವಾದ್ದರಿಂದ ಈ ಸೇರ್ಪಡೆ ಮೈಸೂರಿಗೆ ಬಹಳ ಮುಖ್ಯ.

## ಗಾರೆ: ಕಲ್ಲಿನಿಂದ ಕಲ್ಲಿಗೆ

ಮೈಸೂರಿನ ಹಳೆಯ ಕಟ್ಟಡಗಳನ್ನು ಹಿಡಿದು ನಿಲ್ಲಿಸಿರುವುದು ಸುಣ್ಣದ ಗಾರೆ. ಅದರ ರಸಾಯನವನ್ನು ತಿಳಿದರೆ ಜೀರ್ಣೋದ್ಧಾರದ ಅರ್ಧ ತಿಳಿದಂತೆ.

ಸುಣ್ಣದ ಕಲ್ಲು ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಹಾಕಿದರೆ ಕುದಿದು, ಬಿರಿದು, ಅರಳಿದ ಸುಣ್ಣವಾಗುತ್ತದೆ. ಅರಳಿದ ಸುಣ್ಣವನ್ನು ಮರಳಿನೊಂದಿಗೆ ಕಲಸಿ ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹೀಗೆ ಭಟ್ಟಿಯಲ್ಲಿ ಇಲ್ಲವಾದ ಕಲ್ಲು ಗೋಡೆಯಲ್ಲಿ ಮತ್ತೆ ಹುಟ್ಟುತ್ತದೆ. ಮೇಲ್ಪದರಕ್ಕೆ ಇದು ಕೆಲವು ತಿಂಗಳ ಕೆಲಸ, ದಪ್ಪ ಗೋಡೆಯ ಒಳಭಾಗಕ್ಕೆ ವರ್ಷಗಳೇ ಬೇಕು.

ಒಳಗಿನವರೆಗೆ ಗಾಳಿ ತಲುಪದ ಕಡೆಯೂ ಗಾರೆ ಬಿಗಿಯಾಗಲೆಂದು ಸುರ್ಕಿಯನ್ನು ಬೆರೆಸುತ್ತಿದ್ದರು. ಸುರ್ಕಿ ಎಂದರೆ ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ. ಇಟ್ಟಿಗೆಯಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಂದಿಗೆ ನೇರವಾಗಿ ವರ್ತಿಸಿ ನೀರಿನಲ್ಲೂ ಗಟ್ಟಿಯಾಗುವ ಸಂಯುಕ್ತಗಳನ್ನು ಕೊಡುತ್ತವೆ. ಹಾಗಿಯಾ ಸೋಫಿಯಾದ ಆರನೇ ಶತಮಾನದ ಗೋಡೆಗಳಲ್ಲಿಯೂ ಇಟ್ಟಿಗೆಯ ಚೂರು ಮತ್ತು ಪುಡಿ ಬೆರೆತ ಸುಣ್ಣದ ಗಾರೆಯೇ ಇದೆ, ತುರ್ಕಿ ದೇಶದವರು ಅದನ್ನು ಹೊರಸಾನ್ ಗಾರೆ ಎನ್ನುತ್ತಾರೆ. ದಕ್ಷಿಣ ಭಾರತದ ಗಾರೆಯವರು ಇದಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಸೇರಿಸುತ್ತಿದ್ದರು. ಬೆಲ್ಲದಿಂದ ಗಾರೆ ನುಣುಪಾಗಿ, ಕರಣೆಗೆ ಬಗ್ಗಿ, ಬಿರುಕು ಬಿಡದೆ ಕೂರುತ್ತದೆ. ವೃತ್ತಾಕಾರದ ಕಲ್ಲಿನ ಕಾಲುವೆಯಲ್ಲಿ ಎತ್ತುಗಳು ಕಲ್ಲಿನ ಚಕ್ರವನ್ನು ಎಳೆಯುತ್ತ ಈ ಮಿಶ್ರಣವನ್ನು ಅರೆಯುತ್ತಿದ್ದವು. ಇದೇ ಗಾರೆಯ ಗಾಣ.

ಸಿಮೆಂಟು ಇದಕ್ಕಿಂತ ಬೇಗ ಗಟ್ಟಿಯಾಗುತ್ತದೆ, ಹೆಚ್ಚು ಭಾರ ತಾಳುತ್ತದೆ. ಹೊಸ ಕಟ್ಟಡಕ್ಕೆ ಅದು ಗುಣ, ಹಳೆಯ ಗೋಡೆಗೆ ಅದೇ ಕೇಡು. ಗಾರೆಯ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ತನ್ನ ಮೈಯ ಸೂಕ್ಷ್ಮ ರಂಧ್ರಗಳ ಮೂಲಕ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ತೇವ ಒಳಗೇ ಉಳಿಯುತ್ತದೆ. ತೇವದೊಂದಿಗೆ ಬಂದ ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ, ಇಟ್ಟಿಗೆಯ ಮುಖವನ್ನು ಒಡೆದು ಪುಡಿಮಾಡುತ್ತವೆ. ಹೊರಗಿನಿಂದ ಗೋಡೆ ನಯವಾಗಿ, ಹೊಸ ಬಣ್ಣದಲ್ಲಿ ಕಾಣುತ್ತಿರುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟಿನ ಹಕ್ಕಳೆ ದೊಡ್ಡದಾಗಿ ಕಳಚಿಬಿದ್ದಾಗ ಅದರ ಬೆನ್ನಿಗೆ ಕೆಂಪು ಇಟ್ಟಿಗೆಯ ಪದರವೂ ಅಂಟಿಕೊಂಡು ಬಂದಿರುತ್ತದೆ. ಸದುದ್ದೇಶದಿಂದ ಮಾಡಿದ ದುರಸ್ತಿಯೇ ಕಟ್ಟಡವನ್ನು ತಿನ್ನುವ ಪರಿ ಇದು. ಪಾರಂಪರಿಕ ಕಟ್ಟಡಕ್ಕೆ ಸಿಮೆಂಟು ಮುಟ್ಟಿಸಬಾರದೆಂಬ ನಿಯಮವನ್ನು ಗುತ್ತಿಗೆಯ ಷರತ್ತುಗಳಲ್ಲಿ ಮೊದಲನೆಯದಾಗಿ ಬರೆಯಬೇಕಾದದ್ದು ಇದಕ್ಕಾಗಿಯೇ.

## ಮದ್ರಾಸ್ ತಾರಸಿ

ಗೋಡೆಯಷ್ಟೇ ಎಚ್ಚರ ಬೇಕಾದದ್ದು ಚಾವಣಿಗೆ. ಆ ಕಾಲದ ಅನೇಕ ಕಟ್ಟಡಗಳಲ್ಲಿ ಇರುವುದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೇಗದ ತೊಲೆಗಳನ್ನು ಒಂದೂವರೆ ಎರಡು ಅಡಿ ಅಂತರದಲ್ಲಿ ಜೋಡಿಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಓರೆ ಸಾಲುಗಳಲ್ಲಿ ಗಾರೆಯಿಂದ ಕೂಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟನ್ನು ಮೂರು ನಾಲ್ಕು ಅಂಗುಲ ಹರಡಿ, ಬೆಲ್ಲದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಾರೆ. ಬಡಿತ ಸಾಕಾಯಿತೆಂದು ತಿಳಿಯುವುದು ಕೊಡತಿ ಮೇಲಕ್ಕೆ ಪುಟಿಯತೊಡಗಿದಾಗ. ಕೊನೆಗೆ ಚಪ್ಪಟೆ ಹೆಂಚುಗಳ ಹಾಸು ಬರುತ್ತದೆ.

ಇಂಥ ತಾರಸಿ ಸರಿಯಾಗಿ ನೋಡಿಕೊಂಡರೆ ನೂರು ವರ್ಷ ದಾಟುತ್ತದೆ. ಅದರ ದುರ್ಬಲ ಜಾಗ ಒಂದೇ, ತೊಲೆಯ ತುದಿ ಗೋಡೆಯೊಳಗೆ ಕೂರುವ ಗೂಡು. ಮಳೆನೀರಿನ ಕೊಳವೆ ಕಸದಿಂದ ಕಟ್ಟಿಕೊಂಡರೆ ನೀರು ನಿಂತು, ಗೋಡೆಗೆ ಇಳಿದು, ತೊಲೆಯ ತುದಿಯನ್ನು ಕೊಳೆಸುತ್ತದೆ. ಆ ತೇವಕ್ಕೆ ಗೆದ್ದಲು ಬರುತ್ತದೆ. ಕೋಣೆಯ ನಡುವೆ ನಿಂತು ನೋಡಿದವರಿಗೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ, ಕೊಳೆತ ಭಾಗ ಗೋಡೆಯೊಳಗೆ ಅಡಗಿರುತ್ತದೆ. ಹಕ್ಕಿಗಳು ತಂದುಹಾಕಿದ ಬೀಜದಿಂದ ತಾರಸಿಯ ಅಂಚಿನಲ್ಲಿ ಹುಟ್ಟುವ ಅರಳಿಯ ಸಸಿ ಈ ಹಾನಿಯನ್ನು ಬೇರಿನ ಮೂಲಕ ಇನ್ನೂ ಆಳಕ್ಕೆ ಒಯ್ಯುತ್ತದೆ.

## ಕುಸಿತಗಳು ಮತ್ತು ವಿವಾದ

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಹೆಸರಾಗಿದ್ದ, ವಿದ್ಯಾರ್ಥಿಗಳ ಹಲವು ತಲೆಮಾರುಗಳು ಓಡಾಡಿದ ಕಟ್ಟಡ ಅದು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಒಂದು ಪಾರ್ಶ್ವ ನೆಲಕ್ಕುರುಳಿತು. ಮೂರೂ ಕುಸಿತಗಳು ಮಳೆಗಾಲ ಇಲ್ಲವೇ ಅದರ ಬೆನ್ನಿಗೆ ಬಂದವು.

ಪ್ರತಿ ಕುಸಿತದ ನಂತರವೂ ಎದ್ದ ಪ್ರಶ್ನೆ ಒಂದೇ: ಉಳಿದದ್ದನ್ನು ಗಟ್ಟಿಗೊಳಿಸಬೇಕೇ, ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೇ? ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡಗಳ ವಿಷಯದಲ್ಲಿ ತಜ್ಞರೇ ಇಬ್ಭಾಗವಾದರು. ಜನರ ಸುರಕ್ಷತೆಯನ್ನು ಮುಂದಿಟ್ಟವರು ಕೆಡವುವುದೇ ಸೂಕ್ತವೆಂದರು, ಪರಂಪರೆಯ ತಜ್ಞರು ಜೀರ್ಣೋದ್ಧಾರ ಸಾಧ್ಯವೆಂದರು. ವಿವಾದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಈ ನಡುವೆ ಮಾರುಕಟ್ಟೆಯ ಉಳಿದ ಭಾಗದಲ್ಲಿ ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮದ ವ್ಯಾಪಾರ ನಡೆದೇ ಇತ್ತು.

ಸುರಕ್ಷತೆಯ ವಾದವನ್ನು ಹಗುರವಾಗಿ ಕಾಣಲಾಗದು, ಅದರ ಹಿಂದೆ ನಾಲ್ಕು ಸಾವುಗಳಿವೆ. ಆದರೆ ತೀರ್ಮಾನಕ್ಕೆ ಕಾಯುವ ವರ್ಷಗಳಲ್ಲಿ ತಾರಸಿಗೆ ಹೊದಿಕೆಯನ್ನೂ ಬಿರುಕಿನ ಗೋಡೆಗೆ ಊರೆಗೋಲುಗಳನ್ನೂ ಕೊಡುವುದು ಎರಡೂ ಪಕ್ಷಗಳಿಗೆ ಒಪ್ಪಿಗೆಯಾಗಬಲ್ಲ ಕೆಲಸ. ಅದು ನಡೆಯದಿದ್ದರೆ ಮಳೆಯೇ ತೀರ್ಪು ಕೊಡುತ್ತದೆ. ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಹಳೆಯ ಕಮಾನುಗಳ ಆಕಾರದಲ್ಲಿ ಕಾಂಕ್ರೀಟಿನ ಕಟ್ಟಡ ಎಬ್ಬಿಸಿದರೆ ಬೀದಿಯ ನೋಟ ಉಳಿಯುತ್ತದೆ, ಹತ್ತೊಂಬತ್ತನೇ ಶತಮಾನದ ಗಾರೆಯವರ ಕೈಕೆಲಸ ಉಳಿಯುವುದಿಲ್ಲ.

## ಕೆಲಸದ ಕ್ರಮ

ಜೀರ್ಣೋದ್ಧಾರ ಗುದ್ದಲಿಯಿಂದ ಆರಂಭವಾಗುವುದಿಲ್ಲ, ಅಳತೆಪಟ್ಟಿಯಿಂದ ಆರಂಭವಾಗುತ್ತದೆ. ಕಟ್ಟಡದ ಪ್ರತಿ ಗೋಡೆ, ಕಿಟಕಿ, ಅಲಂಕರಣಗಳ ನಕ್ಷೆಯನ್ನೂ ಛಾಯಾಚಿತ್ರಗಳನ್ನೂ ಸಿದ್ಧಪಡಿಸಬೇಕು. ನಂತರ ರೋಗದ ಮೂಲವನ್ನು ಹುಡುಕಬೇಕು. ಬಿರುಕಿನ ಮೇಲೆ ಗಾಜಿನ ತುಂಡನ್ನು ಅಡ್ಡಲಾಗಿ ಅಂಟಿಸಿಡುವುದು ಹಳೆಯ ಉಪಾಯ, ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಹಳೆಯ ಗಾರೆಯ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸುಣ್ಣ, ಮರಳು, ಸುರ್ಕಿಗಳ ಪ್ರಮಾಣವನ್ನು ಕಂಡುಕೊಂಡು, ಅದಕ್ಕೆ ಹೊಂದುವ ಹೊಸ ಗಾರೆಯನ್ನು ಅರೆಯುತ್ತಾರೆ.

ಆಮೇಲೆ ಊರೆಗೋಲು ಕೊಟ್ಟು ಭಾರ ಇಳಿಸಿ, ಸಿಮೆಂಟಿನ ಗಿಲಾವನ್ನು ಉಳಿಯಿಂದ ಮೆಲ್ಲಗೆ ತೆಗೆಯುತ್ತಾರೆ. ಬಿರುಕುಗಳೊಳಗೆ ತೆಳುವಾದ ಸುಣ್ಣದ ಗಾರೆಯನ್ನು ಒತ್ತಡದಿಂದ ತುಂಬುತ್ತಾರೆ. ತೊಲೆಯ ತುದಿ ಮಾತ್ರ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ತೇಗವನ್ನು ಬೆಸೆಯುತ್ತಾರೆ, ಇಡೀ ತೊಲೆಯನ್ನು ಕಿತ್ತೆಸೆಯುವುದಿಲ್ಲ. ಹೊಸ ಗಾರೆಗೆ ವಾರಗಟ್ಟಲೆ ನೀರುಣಿಸಬೇಕು. ಟೆಂಡರಿನ ಗಡುವಿಗೂ ಸುಣ್ಣದ ಗಡುವಿಗೂ ತಾಳೆಯಾಗದಿರುವುದು ಈ ಕ್ಷೇತ್ರದ ನಿತ್ಯದ ಕಷ್ಟ.

## ಜಯಲಕ್ಷ್ಮೀವಿಲಾಸ

ಯಾರ ಮದುವೆಯಲ್ಲಿ ಹಳೆಯ ಅರಮನೆ ಸುಟ್ಟಿತೋ, ಅದೇ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆ ಇಂದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿದೆ. ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲದಲ್ಲಿ, 1959ರಲ್ಲಿ, ಅದು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಮುಂದೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಬೆಳೆಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಕಟ್ಟಡದ ಜೀರ್ಣೋದ್ಧಾರ ನಡೆಯಿತು. ಎರಡು ದಶಕ ಕಳೆಯುವಷ್ಟರಲ್ಲಿ ಚಾವಣಿ ಮತ್ತೆ ಸೋರಿ, ಭಾಗಗಳು ಶಿಥಿಲವಾಗಿ, ಎರಡನೇ ಸುತ್ತಿನ ಕೆಲಸಕ್ಕೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವು ಪಡೆಯಬೇಕಾಯಿತು. ಒಮ್ಮೆ ಮಾಡಿ ಮುಗಿಸುವ ಕೆಲಸ ಇದಲ್ಲ. ಪ್ರತಿ ಮುಂಗಾರಿಗೆ ಮುನ್ನ ನೀರಿನ ಕೊಳವೆ ತೆರವು ಮಾಡಿ, ಅರಳಿಯ ಸಸಿಯನ್ನು ಬೇರುಸಹಿತ ತೆಗೆಯುವ ಒಬ್ಬ ಕಾಯಂ ನೌಕರ ಇದ್ದರೆ, ಕೋಟಿಗಟ್ಟಲೆಯ ಮುಂದಿನ ಯೋಜನೆಯನ್ನು ಬಹಳ ಕಾಲ ಮುಂದೂಡಬಹುದು.

## ಓಲೆಗರಿಯ ಜೀರ್ಣೋದ್ಧಾರ

ಊಹೆ ಆರಂಭವಾಗುವಲ್ಲಿ ನಿಲ್ಲಬೇಕೆಂಬಂಥ ಜೀರ್ಣೋದ್ಧಾರದ ತತ್ತ್ವಗಳು ಕಟ್ಟಡದಿಂದ ಹೊರಗೂ ಬಳಕೆಯಲ್ಲಿವೆ. 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಸಾವಿರಾರು ಓಲೆಗರಿ ಗ್ರಂಥಗಳಿವೆ. 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಈ ಸಂಗ್ರಹದಲ್ಲೇ, ಅದು ಅಚ್ಚಾಗಿ ಬಂದದ್ದು 1909ರಲ್ಲಿ.

ಓಲೆಗರಿ ಒಣಗಿದಷ್ಟೂ ಪೆಡಸಾಗುತ್ತದೆ, ಬಿಡಿಸುವಾಗ ಮುರಿಯುತ್ತದೆ. ಮೃದುವಾದ ಕುಂಚದಿಂದ ಧೂಳು ತೆಗೆದು, ಮಜ್ಜಿಗೆಹುಲ್ಲಿನಂಥ ಸುಗಂಧ ಹುಲ್ಲುಗಳ ಎಣ್ಣೆಯನ್ನು ತೆಳುವಾಗಿ ಸವರಿದರೆ ಗರಿಗೆ ಬಾಗುವ ಗುಣ ಮರಳುತ್ತದೆ, ಹುಳುವೂ ದೂರವಿರುತ್ತದೆ. ಕಂಟದಿಂದ ಕೊರೆದ ಅಕ್ಷರಗಳು ಮಸುಕಾಗಿದ್ದರೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆ ತೀಡಿ ಒರೆಸುತ್ತಾರೆ. ಮಸಿ ಕೊರೆದ ಗೆರೆಗಳಲ್ಲಿ ಮಾತ್ರ ನಿಂತು ಬರಹ ಮತ್ತೆ ಕಾಣಿಸಿಕೊಳ್ಳುತ್ತದೆ.

ಹುಳು ತಿಂದು ತೂತಾದ ಕಡೆ ಮಾತ್ರ ಯಾರೂ ಗರಿಯ ಮೇಲೆ ಹೊಸ ಅಕ್ಷರ ಬರೆಯುವುದಿಲ್ಲ. ವಿದ್ವಾಂಸರು ಬೇರೆ ಪ್ರತಿಗಳನ್ನು ನೋಡಿ, ಛಂದಸ್ಸನ್ನೂ ಅರ್ಥವನ್ನೂ ತೂಗಿ, ಅಲ್ಲಿ ಇದ್ದಿರಬಹುದಾದ ಪಾಠವನ್ನು ಊಹಿಸುತ್ತಾರೆ. ಅಚ್ಚಿನ ಪುಸ್ತಕದಲ್ಲಿ ಆ ಊಹೆಯನ್ನು ಕಂಸದೊಳಗೆ ಕೊಟ್ಟು, ಬೇರೆ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುತ್ತಾರೆ. ಗರಿಯಲ್ಲಿ ತೂತು ತೂತಾಗಿಯೇ ಉಳಿಯುತ್ತದೆ.